ಫಾರ್ಮ್ಯಾಟ್ ಮಾಡ್ಲಾ ಅಂತ ವಿಂಡೋಸ್ ಕೇಳಿದ್ರೆ ಕ್ಯಾನ್ಸಲ್ ಒತ್ತಿ ಮಾಸ್ಟ್ರೇ, ಉಳಿದದ್ದು ಆಮೇಲೆ ನೋಡುವ

ಪ್ರಶ್ನೆ: ನಾನು ಬದಿಯಡ್ಕ ಹತ್ರದ ಒಂದು ಕನ್ನಡ ಮೀಡಿಯಂ ಶಾಲೆಯಲ್ಲಿ ಮಾಸ್ಟ್ರು. ಬೆಂಗಳೂರಲ್ಲಿರುವ ಅಕ್ಕನ ಮಗ ತನ್ನ 2 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ನೀವೇ ಇಟ್ಕೊಳ್ಳಿ ಮಾವ ಅಂತ ಕೊಟ್ಟು ಹೋಗಿದ್ದಾನೆ. ಅವನು ಮ್ಯಾಕ್ ಲ್ಯಾಪ್‌ಟಾಪ್‌ನಲ್ಲಿ ಬಳಸ್ತಾ ಇದ್ದದ್ದು. ಅದರಲ್ಲಿ ಯಕ್ಷಗಾನ, ತಾಳಮದ್ದಳೆ ರೆಕಾರ್ಡಿಂಗ್ 640 ಜಿಬಿ ಉಂಟು, ಬೇರೆ ಎಲ್ಲಿಯೂ ಕಾಪಿ ಇಲ್ಲ. ಮನೆಯ ವಿಂಡೋಸ್ 10 ಕಂಪ್ಯೂಟರ್‌ಗೆ ಹಾಕಿದ್ರೆ ಫಾರ್ಮ್ಯಾಟ್ ಮಾಡ್ಬೇಕು ಅಂತ ಕೇಳ್ತದೆ. ಶಾಲೆಯ ಉಬುಂಟು ಲ್ಯಾಪ್‌ಟಾಪ್‌ನಲ್ಲಿ ಫೋಲ್ಡರ್ ಎಲ್ಲ ಕಾಣ್ತದೆ, ವಿಡಿಯೋ ಓಡ್ತದೆ, ಆದ್ರೆ ಹೊಸತು ಎಂತದೂ ಪೇಸ್ಟ್ ಆಗೋದಿಲ್ಲ. ಟಿವಿಗೆ ಹಾಕಿದ್ರೆ ಡಿಸ್ಕೇ ಇಲ್ಲದ ಹಾಗೆ ಇರ್ತದೆ. ಎಲ್ಲ ಕಡೆ ನಡೀಬೇಕಾದ್ರೆ ಯಾವುದಕ್ಕೆ ಫಾರ್ಮ್ಯಾಟ್ ಮಾಡ್ಬೇಕು, ಹೇಗೆ ಮಾಡ್ಬೇಕು, ರೆಕಾರ್ಡಿಂಗ್ ಹೋಗ್ತದಾ? ಮನೆಯ ಕಂಪ್ಯೂಟರ್‌ನಲ್ಲಿ 1 ಟಿಬಿ ಡಿಸ್ಕ್ ಉಂಟು, ಡಿ ಡ್ರೈವ್ ಹೆಚ್ಚುಕಡಿಮೆ ಖಾಲಿಯೇ.

ಉತ್ತರ: ಮಾಸ್ಟ್ರೇ, ಕೊನೆಯ ಪ್ರಶ್ನೆಗೆ ಮೊದ್ಲು ಉತ್ತರ ಹೇಳ್ತೇನೆ. ಹೌದು, ಈಗ ಇದ್ದ ಹಾಗೆಯೇ ಫಾರ್ಮ್ಯಾಟ್ ಒತ್ತಿದ್ರೆ ರೆಕಾರ್ಡಿಂಗ್ ಹೋಗ್ತದೆ, ಅದಕ್ಕೆ ಆ ಪ್ರಶ್ನೆ ಬಂದಾಗೆಲ್ಲ ಕ್ಯಾನ್ಸಲ್ ಒತ್ತಿ, ಮನೆಯಲ್ಲಿ ಮಕ್ಕಳು ಕಂಪ್ಯೂಟರ್ ಮುಟ್ಟುವವರಿದ್ರೆ ಅವರಿಗೂ ಇವತ್ತೇ ಹೇಳಿಡಿ. ಆ ಡಿಸ್ಕ್ ಹಾಳಾಗಿಲ್ಲ, ಖಾಲಿಯೂ ಆಗಿಲ್ಲ. ನಮ್ಮ ಕಾಸರಗೋಡಲ್ಲಿ ನಿಮಗೆ ಇದು ಸುಲಭದಲ್ಲಿ ಅರ್ಥ ಆಗ್ತದೆ, ಮಲಯಾಳ ಓದ್ಲಿಕ್ಕೆ ಬಾರದ ಎಷ್ಟೋ ಹಿರಿಯರ ಮನೆಗೆ ಮಲಯಾಳದಲ್ಲೇ ಅಚ್ಚಾದ ಕಾಗದ ಬರ್ತದೆ, ಅವರು ಅದನ್ನ ಪಕ್ಕದ ಮನೆಯವರ ಹತ್ರ ಓದಿಸ್ತಾರೆ ಹೊರತು ನನಗೆ ತಿಳಿಯೋದಿಲ್ಲ ಹಾಗಾಗಿ ಇದು ಬರೀ ಕಾಗದ ಅಂತ ಹೇಳಿ ಹಿಂದೆ ಮುಂದೆ ನೋಡದೆ ಒಲೆಗೆ ಹಾಕೋದಿಲ್ಲ. ವಿಂಡೋಸ್ ಮಾತ್ರ ಹಾಗೆ ಮಾಡ್ತದೆ. ತನಗೆ ಓದ್ಲಿಕ್ಕೆ ಬಾರದ ಲಿಪಿ ಕಂಡ್ರೆ ಇದು ನನಗೆ ತಿಳಿಯುವುದಿಲ್ಲ ಅಂತ ಹೇಳುವ ಬದ್ಲು ಎಲ್ಲ ಅಳಿಸಿ ನನ್ನ ಲಿಪಿಯಲ್ಲಿ ಬರೀಲಾ ಅಂತ ಕೇಳ್ತದೆ. ಇದೊಂದು ಪ್ರಶ್ನೆಯಿಂದ ಎಷ್ಟು ಜನ ಮದುವೆ ಫೋಟೋ, ಮಗುವಿನ ವಿಡಿಯೋ ಕಳ್ಕೊಂಡಿದ್ದಾರೆ ಅಂತ ನಾನು ಅಂಗಡಿಯಲ್ಲಿ ಕೂತು ನೋಡಿದ್ದೇನೆ, ಆ ಮೆಸೇಜನ್ನು ಬದಲಾಯಿಸ್ಬೇಕು ಅಂತ ನನಗೆ ಪ್ರತಿಸಲವೂ ಅನ್ನಿಸ್ತದೆ.

ಇನ್ನು ನಿಮ್ಮ ಡಿಸ್ಕ್ ಯಾವ ಲಿಪಿಯಲ್ಲಿ, ಅಂದ್ರೆ ಯಾವ ಫೈಲ್ ಸಿಸ್ಟಂನಲ್ಲಿ, ಉಂಟು ಅನ್ನೋದು. ಶಾಲೆಯ ಉಬುಂಟುನಲ್ಲಿ ಕಾಣ್ತದೆ ಆದ್ರೆ ಪೇಸ್ಟ್ ಆಗೋದಿಲ್ಲ ಅಂತ ನೀವು ಬರ್ದಿದ್ದೀರಲ್ಲ, ನನಗೆ ಅಷ್ಟೇ ಸಾಕಾಯ್ತು. ಅದು ಎಚ್‌ಎಫ್‌ಎಸ್ ಪ್ಲಸ್, ಆಪಲ್‌ನವರು 1998ರಲ್ಲಿ ತಂದದ್ದು, ಮ್ಯಾಕ್‌ನಲ್ಲಿ ಅದಕ್ಕೆ ಮ್ಯಾಕ್ ಓಎಸ್ ಎಕ್ಸ್‌ಟೆಂಡೆಡ್ ಜರ್ನಲ್ಡ್ ಅಂತ ಹೆಸರು. ಉಬುಂಟುನ ಒಳಗಿರುವ ಲಿನಕ್ಸ್ ಅದನ್ನ ಓದ್ತದೆ, ಆದ್ರೆ ಜರ್ನಲ್ (ಮಾಡ್ಲಿಕ್ಕಿರುವ ಬದಲಾವಣೆಯನ್ನ ಮೊದ್ಲೇ ಬರ್ದಿಡುವ ಜಾಗ) ಇರುವ ಎಚ್‌ಎಫ್‌ಎಸ್ ಪ್ಲಸ್‌ಗೆ ಬರೆಯೋದಿಲ್ಲ. ಒಂದು ವೇಳೆ ಅದು ಆಪಲ್‌ನವರದ್ದೇ 2017ರ ನಂತರದ ಎಪಿಎಫ್‌ಎಸ್ ಆಗಿದ್ರೆ ಉಬುಂಟು ಕೂಡ ಹಾಗೇ ಸುಮ್ನೆ ತೆರೀತಾ ಇರ್ಲಿಲ್ಲ, ಎಕ್ಸ್‌ಫ್ಯಾಟ್ ಆಗಿದ್ರೆ ನಿಮ್ಮ ವಿಂಡೋಸ್ ತಕರಾರು ಮಾಡ್ತಾ ಇರ್ಲಿಲ್ಲ. ಇದು ಒಳ್ಳೆ ಸುದ್ದಿ, ಯಾಕಂದ್ರೆ ಅಳಿಯನ ಮ್ಯಾಕ್ ಇಲ್ಲದೆಯೂ ಉಬುಂಟು ಇದ್ರೆ ಸಾಕು, ಎಲ್ಲ ಹೊರಗೆ ತೆಗೀಬಹುದು. ನಮ್ಮ ಶಾಲೆಗಳಲ್ಲಿ ಕೈಟ್‌ನವರ (ಶಾಲೆಗಳ ಕಂಪ್ಯೂಟರ್ ಕೆಲ್ಸ ನೋಡುವ ಕೇರಳ ಸರ್ಕಾರದ ಸಂಸ್ಥೆ) ಉಬುಂಟು ಇರೋದು ಇಂಥಾ ಹೊತ್ತಿಗೆ ತುಂಬಾ ಉಪಕಾರ.

ಫಾರ್ಮ್ಯಾಟ್ ಅಂದ್ರೆ ಒಳಗೆ ಎಂತ ಆಗ್ತದೆ ಅಂತ ಸ್ವಲ್ಪ ಹೇಳಿಬಿಡ್ತೇನೆ, ಗೊತ್ತಿದ್ರೆ ಹೆದರಿಕೆಯೂ ಕಮ್ಮಿ, ಅಸಡ್ಡೆಯೂ ಕಮ್ಮಿ. ಫೈಲ್ ಸಿಸ್ಟಂ ಅಂದ್ರೆ ಶಾಲೆಯ ಹಾಜರಿ ಪುಸ್ತಕ ಇದ್ದ ಹಾಗೆ, ಯಾವ ಫೈಲು ಎಲ್ಲಿ ಕೂತಿದೆ, ಎಷ್ಟು ದೊಡ್ಡದು, ಹೆಸರೇನು ಅಂತ ಅದರಲ್ಲಿ ಇರ್ತದೆ. ಕ್ವಿಕ್ ಫಾರ್ಮ್ಯಾಟ್ ಮಾಡಿದ್ರೆ ಹಳೇ ಹಾಜರಿ ಪುಸ್ತಕ ತೆಗ್ದು ಹೊಸ ಖಾಲಿ ಪುಸ್ತಕ ಇಟ್ಟ ಹಾಗೆ, ಮಕ್ಕಳು ಕ್ಲಾಸಲ್ಲೇ ಇದ್ದಾರೆ ಆದ್ರೆ ಪುಸ್ತಕದಲ್ಲಿ ಯಾರ ಹೆಸರೂ ಇಲ್ಲ, ಹೊಸಬರು ಬಂದ್ರೆ ಅವರ ಜಾಗದಲ್ಲೇ ಕೂತ್ಕೊಳ್ತಾರೆ. ಫುಲ್ ಫಾರ್ಮ್ಯಾಟ್ ಮಾಡಿದ್ರೆ ವಿಂಡೋಸ್ ವಿಸ್ಟಾದಿಂದ ಈಚೆಗೆ ಇಡೀ ಡಿಸ್ಕಿಗೆ ಸೊನ್ನೆ ಬರೀತದೆ, ಮತ್ತೆ ಯಾವ ಸಾಫ್ಟ್‌ವೇರ್ ತಂದ್ರೂ ಎಂತದೂ ಸಿಗೋದಿಲ್ಲ.

ಎರಡು ವರ್ಷ ಹಿಂದೆ ಆಟಿ ತಿಂಗಳಲ್ಲಿ, ಜೋರು ಮಳೆ, ಪೆರ್ಲ ಕಡೆಯ ಒಬ್ರು ಹಿರಿಯರು ನನ್ನ ಅಂಗಡಿಗೆ ಬಂದ್ರು, ಪ್ಲಾಸ್ಟಿಕ್ ಕವರ್‌ನ ಒಳಗೆ ಬೈರಾಸು ಸುತ್ತಿ ಒಂದು ಡಿಸ್ಕ್. ಅವರ ತೀರಿಹೋದ ತಮ್ಮ ತಾಳಮದ್ದಳೆಯಲ್ಲಿ ಅರ್ಥ ಹೇಳ್ತಾ ಇದ್ದವರು, ಅದರ ರೆಕಾರ್ಡಿಂಗ್ ಅದರಲ್ಲಿ ಇದ್ದದ್ದು. ಮೊಮ್ಮಗ ಇದೇ ಪ್ರಶ್ನೆಗೆ ಹೌದು ಅಂತ ಒತ್ತಿದ್ದಾನೆ, ಡಿಸ್ಕ್ ಖಾಲಿ ಕಂಡಿದೆ, ಓ ಜಾಗ ಉಂಟು ಅಂತ ಅದರ ಮೇಲೆ ಇನ್ನೂರು ಜಿಬಿಯಷ್ಟು ಸಿನೆಮಾ ತುಂಬಿಸಿದ್ದಾನೆ. ನಾನು ಫೋಟೋರೆಕ್ ಅಂತ, ಅಳಿಸಿಹೋದ ಫೈಲ್ ಹುಡುಕುವ ಸಾಫ್ಟ್‌ವೇರ್ ಹಾಕಿ ಎರಡು ದಿನ ಓಡಿಸಿದೆ. ಅದು ಹಾಜರಿ ಪುಸ್ತಕ ನೋಡೋದಿಲ್ಲ, ಒಬ್ಬೊಬ್ಬರ ಮುಖ ನೋಡಿ ಇದು ಎಂಪಿ3, ಇದು ವಿಡಿಯೋ ಅಂತ ಹೆಕ್ಕಿ ತೆಗೀತದೆ, ಹಾಗಾಗಿ ಫೈಲ್ ಸಿಕ್ಕಿದ್ರೂ ಹೆಸರು ಸಿಗೋದಿಲ್ಲ, ಎಲ್ಲದಕ್ಕೂ ಎಫ್ ಅಂತ ಒಂದು ಅಕ್ಷರ ಮತ್ತೆ ಉದ್ದದ ನಂಬರ್. ಆ ಹಿರಿಯರು ಮೂರು ದಿನ ಮಧ್ಯಾಹ್ನ ಊಟ ಮುಗಿಸಿ ಬಸ್ಸಲ್ಲಿ ಬಂದು ಹೆಡ್‌ಫೋನ್ ಹಾಕ್ಕೊಂಡು ಕೂತ್ರು, ಒಂದೊಂದು ಫೈಲಿನ ಮೊದ್ಲ ಒಂದು ನಿಮಿಷ ಕೇಳೋದು, ಇದು ಇಂಥಾ ಊರಿದ್ದು, ಭಾಗವತರು ಇಂಥವರು ಅಂತ ಹೇಳೋದು, ನಾನು ಟೈಪ್ ಮಾಡೋದು. ತಮ್ಮನ ಸ್ವರ ಬಂದಾಗ ಕೈ ಎತ್ತಿ ನನ್ನನ್ನ ನಿಲ್ಲಿಸ್ತಾ ಇದ್ರು, ಏನೂ ಹೇಳ್ತಾ ಇರ್ಲಿಲ್ಲ. ಫೈಲು ಡಿಸ್ಕಲ್ಲಿ ತುಂಡು ತುಂಡಾಗಿ ಬೇರೆ ಬೇರೆ ಜಾಗದಲ್ಲಿ ಕೂತಿದ್ರೆ ಈ ಸಾಫ್ಟ್‌ವೇರಿಗೆ ಅದನ್ನ ಜೋಡಿಸ್ಲಿಕ್ಕೆ ಆಗೋದಿಲ್ಲ, ಹಾಗೆ ಮೂರು ಗಂಟೆಯ ಒಂದು ಕೂಟದಲ್ಲಿ ನಲ್ವತ್ತು ನಿಮಿಷ ಮಾತ್ರ ಉಳೀತು. ನಿಮ್ಮ ಪ್ರಶ್ನೆ ಓದಿದಾಗ ನನಗೆ ಮೊದ್ಲು ನೆನಪಾದದ್ದು ಅವರೇ, ಅದಕ್ಕೇ ಇಷ್ಟು ಉದ್ದ ಬರೀತಾ ಇದ್ದೇನೆ.

ಸರಿ, ಈಗ ಕೆಲ್ಸ. ನಿಮಗೆ ಬೇರೆ ಎಲ್ಲಾದ್ರೂ ಕಾಪಿ ಮಾಡದೆಯೇ ಇದ್ದಲ್ಲೇ ಬದಲಾಯಿಸುವ ದಾರಿ ಉಂಟಾ ಅಂತ ಮನಸ್ಸಲ್ಲಿ ಬಂದಿರ್ಬಹುದು, ಇಲ್ಲ. ವಿಂಡೋಸ್‌ನಲ್ಲಿ ಕನ್ವರ್ಟ್ ಅಂತ ಒಂದು ಕಮಾಂಡ್ ಉಂಟು ಅದು ಫ್ಯಾಟ್, ಫ್ಯಾಟ್32 ಅಂತ ಹಳೇ ಫೈಲ್ ಸಿಸ್ಟಂಗಳಿಂದ ವಿಂಡೋಸ್‌ನದ್ದೇ ಎನ್‌ಟಿಎಫ್‌ಎಸ್‌ಗೆ ಮಾತ್ರ, ಎಚ್‌ಎಫ್‌ಎಸ್ ಪ್ಲಸ್‌ನಿಂದ ಅಲ್ಲ. ಪಾರ್ಟಿಷನ್, ಅಂದ್ರೆ ಡಿಸ್ಕಿನ ಪಾಲು, ಸಣ್ಣ ಮಾಡಿ, ಉಳಿದ ಜಾಗದಲ್ಲಿ ಹೊಸತು ಮಾಡಿ, ಅರ್ಧರ್ಧ ದೂಡಿ ಅಂತ ಯಾರಾದ್ರೂ ಹೇಳಿದ್ರೆ ಒಂದೇ ಕಾಪಿ ಇರುವ ಡಿಸ್ಕಲ್ಲಿ ಅದನ್ನ ದಯವಿಟ್ಟು ಮಾಡ್ಬೇಡಿ.

ಕಾಪಿ ಶುರು ಮಾಡುವ ಮೊದ್ಲು ಡಿಸ್ಕಿನ ಆರೋಗ್ಯ ನೋಡಿ. ಮನೆಯ ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಫ್ರೀ ಸಾಫ್ಟ್‌ವೇರ್ ಹಾಕಿ ತೆರ್ದ್ರೆ ಸಾಕು, ಫೈಲ್ ಸಿಸ್ಟಂ ಅರ್ಥ ಆಗದಿದ್ರೂ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ಲೆಕ್ಕ ಅದಕ್ಕೆ ಸಿಗ್ತದೆ. ಗುಡ್ ಅಂತ ನೀಲಿ ಬಣ್ಣದಲ್ಲಿ ಬಂದ್ರೆ ಸರಿ. ಕಾಷನ್ ಅಂತ ಹಳದಿ ಬಂದ್ರೆ, ಅದರಲ್ಲೂ ರೀಅಲೊಕೇಟೆಡ್ ಸೆಕ್ಟರ್, ಕರೆಂಟ್ ಪೆಂಡಿಂಗ್ ಸೆಕ್ಟರ್ ಇವುಗಳ ಲೆಕ್ಕ ಸೊನ್ನೆ ಅಲ್ಲದೆ ಬೇರೆ ಇದ್ರೆ, ಕಾಪಿ ಮಾತ್ರ ಮಾಡಿ, ಫಾರ್ಮ್ಯಾಟ್ ಮಾಡಿ ಪುನಃ ಅದ್ರಲ್ಲೇ ಇಡುವ ಆಲೋಚನೆ ಬಿಡಿ, ಬೇರೆ ಡಿಸ್ಕ್ ತಗೊಳ್ಳಿ. ಟಕ್ ಟಕ್ ಅಂತ ಶಬ್ದ ಬರ್ತಾ ಇದ್ರೆ ಕೂಡ್ಲೇ ತೆಗ್ದು ಬದಿಗಿಡಿ.

ಕಾಪಿ ಎಲ್ಲಿಗೆ ಅಂತ. ಶಾಲೆಯ ಲ್ಯಾಪ್‌ಟಾಪ್‌ನ ಒಳಗೆ ಬೇಡ, ಅದು ಶಾಲೆಯದ್ದು, ಜಾಗವೂ ಸಾಲದು. ಮತ್ತೊಂದು ಕಾರಣ ಉಂಟು, ಇದು ಕನ್ನಡದಲ್ಲಿ ಹೆಸರಿಡುವ ನಮಗೇ ಬರುವ ತೊಂದರೆ. ಉಬುಂಟುನ ಒಳಗಿನ ಡಿಸ್ಕ್ ಇಎಕ್ಸ್‌ಟಿ4, ಅದರಲ್ಲಿ ಒಂದು ಫೈಲಿನ ಹೆಸರು 255 ಬೈಟ್ ಮೀರ್ಲಿಕ್ಕಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ, ಕೊಂಬು ದೀರ್ಘ ಒತ್ತಿಗೆ ಬೇರೆ ಬೇರೆಯಾಗಿ, ಮೂರು ಮೂರು ಬೈಟ್ ಹೋಗ್ತದೆ, ಹಾಗಾಗಿ ನಮಗೆ ಸಿಗೋದು ಒಟ್ಟು 85 ಚಿಹ್ನೆ ಮಾತ್ರ. ಯಕ್ಷಗಾನ ರೆಕಾರ್ಡ್ ಮಾಡುವವರು ಹೆಸರು ಹೇಗೆ ಇಡ್ತಾರೆ ಅಂತ ನಿಮಗೇ ಗೊತ್ತುಂಟಲ್ಲ, ಮೇಳ, ಪ್ರಸಂಗ, ಊರು, ತಾರೀಕು, ಭಾಗವತರು, ಚೆಂಡೆ, ಮದ್ದಳೆ, ಮುಮ್ಮೇಳದವರು ಎಲ್ಲ ಒಂದೇ ಹೆಸರಿನಲ್ಲಿ, ಅದು 85ರಲ್ಲಿ ನಿಲ್ಲೋದಿಲ್ಲ, ಫೈಲ್ ನೇಮ್ ಟೂ ಲಾಂಗ್ ಅಂತ ಬರ್ತದೆ. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್‌ನಲ್ಲಿ ಲೆಕ್ಕ ಬೈಟಿನದ್ದಲ್ಲ, ಅಲ್ಲಿ 255 ಚಿಹ್ನೆ ಪೂರ್ತಿ ಸಿಗ್ತದೆ.

ಹಾಗಾಗಿ ನಿಮ್ಮ ಮನೆಯ ಕಂಪ್ಯೂಟರ್‌ನ ಡಿ ಡ್ರೈವೇ ಒಳ್ಳೆದು, ಅದು ಹೇಗೂ ಎನ್‌ಟಿಎಫ್‌ಎಸ್. ಆದ್ರೆ ಅಲ್ಲಿ ವಿಂಡೋಸ್‌ಗೆ ಈ ಡಿಸ್ಕ್ ಓದ್ಲಿಕ್ಕೆ ಬರೋದಿಲ್ಲ ಅಲ್ವಾ, ಹಾಗಾಗಿ ಅದೇ ಕಂಪ್ಯೂಟರನ್ನ ಒಂದು ದಿನದ ಮಟ್ಟಿಗೆ ಉಬುಂಟುನಲ್ಲಿ ಓಡಿಸಿ. 8 ಜಿಬಿಯ ಒಂದು ಪೆನ್‌ಡ್ರೈವ್, ಅದರಲ್ಲಿ ಎಂತದೂ ಮುಖ್ಯದ್ದು ಇರ್ಬಾರ್ದು, ರೂಫಸ್ ಅಂತ ಸಾಫ್ಟ್‌ವೇರಿನಿಂದ ಉಬುಂಟು ಐಎಸ್‌ಒ (ಇಡೀ ಉಬುಂಟು ಇರುವ ಒಂದೇ ಫೈಲು) ಅದಕ್ಕೆ ಬರ್ದು, ಕಂಪ್ಯೂಟರ್ ಆನ್ ಆಗುವಾಗ ಬೂಟ್ ಮೆನು ಕೀ ಒತ್ತಿ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಟ್ರೈ ಉಬುಂಟು, ಇನ್‌ಸ್ಟಾಲ್ ಉಬುಂಟು ಅಂತ ಎರಡು ಬರ್ತದೆ, ಟ್ರೈ ಒತ್ತಿ. ಇನ್‌ಸ್ಟಾಲ್ ಒತ್ತಿ ಮುಂದೆ ಹೋದ್ರೆ ನಿಮ್ಮ ವಿಂಡೋಸೇ ಹೋದೀತು, ಇಲ್ಲಿ ಅವಸರ ಮಾಡ್ಬೇಡಿ.

ಇದಕ್ಕಿಂತ ಮೊದ್ಲು ವಿಂಡೋಸ್ ಬಂದ್ ಮಾಡುವಾಗ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡ್ಬೇಕು. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಉಂಟು, ಬಂದ್ ಮಾಡಿದ ಹಾಗೆ ಕಂಡ್ರೂ ಅದು ಪೂರ್ತಿ ಬಂದ್ ಆಗೋದಿಲ್ಲ, ಅರ್ಧ ನಿದ್ದೆ, ಆಗ ಉಬುಂಟು ಡಿ ಡ್ರೈವನ್ನ ಓದ್ಲಿಕ್ಕೆ ಮಾತ್ರ ತೆರೀತದೆ, ಪೇಸ್ಟ್ ಆಗೋದಿಲ್ಲ, ಜನ ಗಾಬರಿ ಆಗ್ತಾರೆ. ಶಿಫ್ಟ್ ಒತ್ತಿ ಬಂದ್ ಮಾಡಿದ್ರೆ ಆ ಸಮಸ್ಯೆ ಇಲ್ಲ.

ಮತ್ತೆ ಉಬುಂಟುನಲ್ಲಿ ಎರಡೂ ಡಿಸ್ಕ್ ತೆರ್ದು ಕಾಪಿ ಪೇಸ್ಟ್. ಕಟ್ ಯಾವತ್ತೂ ಬೇಡ, ಕಾಪಿ. ಡಿಸ್ಕನ್ನ ಒಳಗೆ ನೀಲಿ ಬಣ್ಣ ಇರುವ ಯುಎಸ್‌ಬಿ 3 ಪೋರ್ಟಿಗೆ ಚುಚ್ಚಿದ್ರೆ ಸೆಕೆಂಡಿಗೆ 100 ಎಂಬಿ ಆಸುಪಾಸು ಓಡ್ತದೆ, 640 ಜಿಬಿಗೆ ಎರಡು ಗಂಟೆ ಒಳಗೆ, ಹಳೇ ಯುಎಸ್‌ಬಿ 2 ಆದ್ರೆ 30 ಎಂಬಿ ಸಿಕ್ಕಿದ್ರೆ ಹೆಚ್ಚು, ಆರು ಗಂಟೆ ಬೇಕು. ಮಳೆಗಾಲ ಆದ್ರೆ ಯುಪಿಎಸ್ ಇಲ್ಲದೆ ಮಾಡ್ಬೇಡಿ. ಕೆಲವು ಫೋಲ್ಡರ್ ಮೇಲೆ ಅಡ್ಡ ಗುರುತು ಬಂದು ಪರ್ಮಿಷನ್ ಇಲ್ಲ ಅಂತ ಹೇಳ್ಬಹುದು, ಮ್ಯಾಕ್‌ನಲ್ಲಿ ಮೊದ್ಲ ಯೂಸರ್‌ನ ನಂಬರ್ 501, ಉಬುಂಟುನಲ್ಲಿ ಬೇರೆ, ಹಾಗಾಗಿ ಇದು ನಿನ್ನದಲ್ಲ ಅಂತ ಬಾಗಿಲು ಹಾಕ್ತದೆ. ಟರ್ಮಿನಲ್‌ನಲ್ಲಿ ಸುಡೋ (ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಹಾಕಿ ಕಾಪಿ ಮಾಡಿದ್ರೆ ಬರ್ತದೆ.

ಹೆಸರಿನಲ್ಲಿ ಪ್ರಶ್ನೆ ಚಿಹ್ನೆ, ಡಬಲ್ ಕೋಟ್, ನಕ್ಷತ್ರ ಚಿಹ್ನೆ ಇದ್ರೆ ಮ್ಯಾಕ್‌ಗೆ ಆಗ್ತದೆ, ವಿಂಡೋಸ್‌ಗೆ ಆಗೋದಿಲ್ಲ, ಅಂಥಾ ಫೈಲ್ ಬಂದಲ್ಲಿ ಕಾಪಿ ನಿಲ್ತದೆ, ಇಲ್ಲದಿದ್ರೆ ಕಾಪಿ ಆದ್ರೂ ವಿಂಡೋಸ್ ಅದನ್ನ ತೆರೆಯೋದಿಲ್ಲ. ಸ್ಕಿಪ್ ಒತ್ತಿ, ಹೆಸರು ಕಾಗದದಲ್ಲಿ ಬರ್ದಿಡಿ, ಕೊನೆಗೆ ಟರ್ಮಿನಲ್‌ನಲ್ಲಿ ಕಾಪಿ ಮಾಡುವ ಸಿಪಿ ಕಮಾಂಡ್‌ನಲ್ಲಿ ಬೇರೆ ಹೆಸರು ಕೊಟ್ಟು ಒಂದೊಂದೇ ತನ್ನಿ. ಮತ್ತೆ ಎಚ್‌ಎಫ್‌ಎಸ್ ಪ್ಲಸ್ ನಮ್ಮ ದೀರ್ಘಗಳನ್ನ ಬಿಡಿಸಿ ಇಡ್ತದೆ, ಗೋ ಅಂತ ಇದ್ರೆ ಅದರ ಓತ್ವವನ್ನ ಎತ್ವ, ಕೊಂಬು, ದೀರ್ಘ ಅಂತ ಮೂರು ತುಂಡು ಮಾಡಿ, ಕಣ್ಣಿಗೆ ಒಂದೇ ಹಾಗೆ ಕಾಣ್ತದೆ. ಮ್ಯಾಕ್‌ನಿಂದ ಬಂದ ಕನ್ನಡ ಹೆಸರಿನ ಫೈಲು ಎದುರೇ ಕಾಣ್ತಾ ಇದ್ರೂ ಸರ್ಚ್‌ನಲ್ಲಿ ಸಿಗೋದಿಲ್ಲ ಅಂತಾದ್ರೆ ಕಾರಣ ಇದೇ ಇರ್ಬಹುದು, ಆ ಹೆಸರನ್ನ ಒಮ್ಮೆ ಹೊಸದಾಗಿ ಟೈಪ್ ಮಾಡಿದ್ರೆ ಸರಿಯಾಗ್ತದೆ.

ಕಾಪಿ ಮುಗಿದ ಮೇಲೆ ಎಲ್ಲ ಬಂತಾ ಅಂತ ನೋಡೋದರಲ್ಲಿ ಜನ ಎಡವುತ್ತಾರೆ. ಉಬುಂಟುನಲ್ಲಿ 640 ಜಿಬಿ ಇದ್ದದ್ದು ವಿಂಡೋಸ್‌ಗೆ ಹೋದಾಗ 596 ಜಿಬಿ ಅಂತ ಕಾಣ್ತದೆ. 44 ಜಿಬಿ ಎಲ್ಲಿ ಹೋಯ್ತು ಅಂತ ಒಬ್ರು ರಾತ್ರಿ ಹತ್ತು ಗಂಟೆಗೆ ನನಗೆ ಫೋನ್ ಮಾಡಿದ್ರು. ಎಲ್ಲಿಯೂ ಹೋಗಿಲ್ಲ, ಉಬುಂಟು ಮತ್ತೆ ಮ್ಯಾಕ್ 100 ಕೋಟಿ ಬೈಟಿಗೆ ಒಂದು ಜಿಬಿ ಅಂತ ಎಣಿಸ್ತವೆ, ವಿಂಡೋಸ್ 107 ಕೋಟಿ ಚಿಲ್ಲರೆ ಬೈಟಿಗೆ ಒಂದು ಜಿಬಿ ಅಂತ ಎಣಿಸ್ತದೆ, ಕೊಬ್ಬರಿಯನ್ನ ಬೇರೆ ಬೇರೆ ಸೇರಿನಲ್ಲಿ ಅಳೆದ ಹಾಗೆ. ಅದಕ್ಕೆ ಉಬುಂಟುನ ಜಿಬಿಯನ್ನ ವಿಂಡೋಸ್‌ನ ಜಿಬಿ ಜೊತೆ ಹೋಲಿಸ್ಬೇಡಿ, ಉಬುಂಟುನಲ್ಲೇ ಎರಡೂ ಕಡೆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಫೈಲಿನ ಸಂಖ್ಯೆ ಮತ್ತು ಗಾತ್ರ ಹೋಲಿಸಿ. ಅಷ್ಟೂ ಸಾಲದು, ಪ್ರತಿ ಫೋಲ್ಡರಿಂದ ಎರಡು ಮೂರು ವಿಡಿಯೋ ತೆರ್ದು ನಡುವಿಗೆ, ಮತ್ತೆ ಕೊನೆಗೆ ಎಳೆದು ನೋಡಿ, ಶುರುವಿನ ಹತ್ತು ಸೆಕೆಂಡ್ ಮಾತ್ರ ನೋಡಿದ್ರೆ ಮಂಗಳಪದ ಉಂಟಾ ಇಲ್ವಾ ಅಂತ ಗೊತ್ತಾಗೋದಿಲ್ಲ. ಇದು ಅರ್ಧ ದಿನ ತಗೊಳ್ಳಲಿ, ಫಾರ್ಮ್ಯಾಟ್ ಆಗೋದು ಅರ್ಧ ನಿಮಿಷದಲ್ಲಿ, ಸಮಯ ಕೊಡ್ಬೇಕಾದ್ದು ಇಲ್ಲಿಗೇ. ಬೇರೆ ಎಲ್ಲೂ ಸಿಗದ ಒಂದು ಹತ್ತು ರೆಕಾರ್ಡಿಂಗ್ ಇದ್ರೆ ಅದನ್ನ ಒಂದು ಪೆನ್‌ಡ್ರೈವಿಗೂ ಹಾಕಿ, ಯಾಕಂದ್ರೆ ಫಾರ್ಮ್ಯಾಟ್ ಒತ್ತಿದ ಕ್ಷಣದಿಂದ ಪುನಃ ಕಾಪಿ ಮುಗಿಯುವ ತನಕ ನಿಮ್ಮ ಹತ್ರ ಇರೋದು ಡಿ ಡ್ರೈವಿನ ಒಂದೇ ಒಂದು ಕಾಪಿ.

ಈಗ ಯಾವ ಫೈಲ್ ಸಿಸ್ಟಂ. ಯಾರನ್ನ ಕೇಳಿದ್ರೂ ಎಕ್ಸ್‌ಫ್ಯಾಟ್ ಮಾಡಿ ಅಂತ ಹೇಳ್ತಾರೆ. ತಪ್ಪಲ್ಲ. 2006ರಲ್ಲಿ ಮೈಕ್ರೋಸಾಫ್ಟ್ ತಂದದ್ದು, ವಿಂಡೋಸ್, ಮ್ಯಾಕ್ ಎರಡರಲ್ಲೂ ಓದ್ಲಿಕ್ಕೂ ಬರೀಲಿಕ್ಕೂ ಆಗ್ತದೆ, 2019ರಲ್ಲಿ ಅದರ ವಿವರ ಮೈಕ್ರೋಸಾಫ್ಟ್ ಬಹಿರಂಗ ಮಾಡಿದ ಮೇಲೆ ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೂ ಬಂತು. ಉಬುಂಟು 22.04ರಲ್ಲಿ ಹಾಗೇ ತೆರೀತದೆ, ಹಳೇ 18.04 ಆದ್ರೆ ಎಕ್ಸ್‌ಫ್ಯಾಟ್ ಫ್ಯೂಸ್ ಅಂತ ಪ್ಯಾಕೇಜ್ ಹಾಕ್ಬೇಕು. ಡಿಸ್ಕ್ ವಾರಕ್ಕೊಮ್ಮೆ ಮ್ಯಾಕ್‌ಗೂ ವಿಂಡೋಸ್‌ಗೂ ಓಡಾಡ್ತದೆ ಅಂತಾದ್ರೆ ನಾನೂ ಅದನ್ನೇ ಹೇಳ್ತಿದ್ದೆ. ಆದ್ರೆ ಅದರಲ್ಲಿ ಜರ್ನಲ್ ಇಲ್ಲ. ಬರೀತಾ ಇರುವಾಗ ಕರೆಂಟ್ ಹೋದ್ರೆ, ವಯರ್ ಎಳೆದ್ರೆ, ಹಾಜರಿ ಪುಸ್ತಕವೇ ಅರ್ಧಕ್ಕೆ ನಿಂತು ಇಡೀ ಫೋಲ್ಡರ್ ಕೆಡುವ ಸಂಭವ ಉಂಟು, ನಮ್ಮ ಊರಿನ ಜೂನ್ ಜುಲೈಯಲ್ಲಿ ಕರೆಂಟ್ ಹೇಗೆ ಹೋಗ್ತದೆ ಅಂತ ನಿಮಗೆ ಹೇಳ್ಬೇಕಾಗಿಲ್ಲ. ಎನ್‌ಟಿಎಫ್‌ಎಸ್, 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂದದ್ದು, ಏನು ಬದಲಾವಣೆ ಮಾಡ್ಲಿಕ್ಕೆ ಹೊರಟಿದ್ದೇನೆ ಅಂತ ಮೊದ್ಲೇ ಒಂದು ಕಡೆ ಬರ್ದಿಟ್ಟು ಮತ್ತೆ ಮಾಡ್ತದೆ, ಹಾಗಾಗಿ ನಡುವಲ್ಲಿ ನಿಂತ್ರೂ ಪುಸ್ತಕ ಸರಿ ಮಾಡ್ಕೊಳ್ತದೆ. ಆ ಹೊತ್ತಿಗೆ ಕಾಪಿ ಆಗ್ತಾ ಇದ್ದ ಫೈಲು ಹೋದೀತು, ಉಳಿದದ್ದು ಸಾಮಾನ್ಯವಾಗಿ ಉಳೀತದೆ.

ಹಾಗಾಗಿ ನಿಮಗೆ ನನ್ನ ಸಲಹೆ ಎನ್‌ಟಿಎಫ್‌ಎಸ್. ಡಿಸ್ಕ್ ಇನ್ನು ನಿಮ್ಮದೇ, ಮನೆಯ ವಿಂಡೋಸ್‌ನದ್ದು ಅದೇ ಭಾಷೆ, ಶಾಲೆಯ ಉಬುಂಟುನಲ್ಲಿ ಓದ್ಲಿಕ್ಕೂ ಬರೀಲಿಕ್ಕೂ ಆಗ್ತದೆ, ಹಳೇ ಟಿವಿಗಳಲ್ಲಿ ಎಕ್ಸ್‌ಫ್ಯಾಟ್ ತಿಳಿಯದವು ಇದ್ದಾವೆ, ಎನ್‌ಟಿಎಫ್‌ಎಸ್ ತಿಳಿಯುವವು ಹೆಚ್ಚು. ಅಳಿಯ ಬಂದಾಗ ಅವನ ಮ್ಯಾಕ್ ಇದನ್ನ ಓದ್ತದೆ, ಬರೀಲಿಕ್ಕೆ ಮಾತ್ರ ಆಗೋದಿಲ್ಲ, ಹೊಸ ರೆಕಾರ್ಡಿಂಗ್ ಕೊಡುದಿದ್ರೆ ಎಕ್ಸ್‌ಫ್ಯಾಟ್ ಮಾಡಿದ ಪೆನ್‌ಡ್ರೈವ್‌ನಲ್ಲಿ ತರ್ಲಿ. ಫ್ಯಾಟ್32 ಎಲ್ಲ ಕಡೆ ನಡೀತದೆ ನಿಜ, ಆದ್ರೆ ಅದರಲ್ಲಿ ಒಂದು ಫೈಲು 4 ಜಿಬಿ ಮುಟ್ಲಿಕ್ಕಿಲ್ಲ, ರಾತ್ರಿ ಬೆಳಗಾಗುವ ತನಕದ ಆಟದ ವಿಡಿಯೋ ಅದರಲ್ಲಿ ಹಿಡಿಯೋದಿಲ್ಲ.

ಫಾರ್ಮ್ಯಾಟ್ ಮಾಡೋದು ವಿಂಡೋಸ್‌ನಲ್ಲೇ. ಮ್ಯಾಕ್‌ನಿಂದ ಬಂದ ಡಿಸ್ಕಲ್ಲಿ ಒಂದು ತೊಡಕು ಉಂಟು, ಮುಂದೆ 200 ಎಂಬಿಯ ಇಎಫ್‌ಐ ಪಾರ್ಟಿಷನ್ ಒಂದು ಕೂತಿರ್ತದೆ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿದ್ರೆ ಡಿಲೀಟ್ ಮಾಡ್ಲಿಕ್ಕೆ ಬಿಡೋದಿಲ್ಲ. ಅದಕ್ಕೆ ಕಮಾಂಡ್ ಪ್ರಾಂಪ್ಟನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆರ್ದು ಡಿಸ್ಕ್‌ಪಾರ್ಟ್ ಅಂತ ಟೈಪ್ ಮಾಡಿ. ಇಲ್ಲಿಂದ ಮುಂದೆ ಒಂದೊಂದು ಹೆಜ್ಜೆ ನೋಡಿಕೊಂಡು ಹೋಗ್ಬೇಕು. ಮೊದ್ಲು ಎಕ್ಸ್‌ಟರ್ನಲ್ ಡಿಸ್ಕ್ ತೆಗ್ದಿಟ್ಟು, ಬೇರೆ ಪೆನ್‌ಡ್ರೈವ್ ಎಲ್ಲ ಕಳಚಿ, ಲಿಸ್ಟ್ ಡಿಸ್ಕ್ ಅಂತ ಕೊಡಿ, ನಿಮ್ಮ 1 ಟಿಬಿ ಡಿಸ್ಕ್ 931 ಜಿಬಿ ಅಂತ ಡಿಸ್ಕ್ 0 ಆಗಿ ಕಾಣ್ತದೆ. ಈಗ ಎಕ್ಸ್‌ಟರ್ನಲ್ ಚುಚ್ಚಿ, ಆ ಪ್ರಶ್ನೆ ಬಂದ್ರೆ ಕ್ಯಾನ್ಸಲ್, ಪುನಃ ಲಿಸ್ಟ್ ಡಿಸ್ಕ್. ಹೊಸದಾಗಿ ಬಂದ ಸಾಲು, 1863 ಜಿಬಿ, ಅದೇ ನಿಮ್ಮದು, ಡಿಸ್ಕ್ 1 ಅಂತ ಇರ್ಬಹುದು. ಸೆಲೆಕ್ಟ್ ಡಿಸ್ಕ್ 1 ಅಂತ ಕೊಟ್ಟು ಮತ್ತೊಮ್ಮೆ ಲಿಸ್ಟ್ ಡಿಸ್ಕ್ ಮಾಡಿದ್ರೆ ಆರಿಸಿದ ಸಾಲಿನ ಮುಂದೆ ನಕ್ಷತ್ರ ಚಿಹ್ನೆ ಕಾಣ್ತದೆ, ಅದು 1863ರ ಮುಂದೆಯೇ ಉಂಟಾ ಅಂತ ಬೆರಳಿಟ್ಟು ನೋಡಿ. 931ರ ಮುಂದೆ ಇದ್ರೆ ಅಲ್ಲೇ ನಿಲ್ಲಿ, ಯಾಕಂದ್ರೆ ಮುಂದಿನ ಕಮಾಂಡ್ ಕ್ಲೀನ್, ಆರಿಸಿದ ಡಿಸ್ಕಿನ ಪಾರ್ಟಿಷನ್ ಎಲ್ಲ ಅಳಿಸುವಂಥದ್ದು, ಅದು ನಿಜವಾಗಿ ಮಾಡ್ಲಾ ಅಂತ ಕೇಳೋದೇ ಇಲ್ಲ, ಎಂಟರ್ ಒತ್ತಿದ ಕೂಡ್ಲೇ ಆಯ್ತು. ಅಲ್ಲಿಗೆ ಡಿಸ್ಕ್‌ಪಾರ್ಟ್‌ನ ಕೆಲ್ಸ ಮುಗೀತು, ಎಕ್ಸಿಟ್ ಕೊಟ್ಟು ಹೊರಗೆ ಬನ್ನಿ.

ಈಗ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರ್ದ್ರೆ ಹೊಸ ಡಿಸ್ಕ್ ಇನಿಷಿಯಲೈಸ್ ಮಾಡ್ಬೇಕು, ಎಂಬಿಆರ್ ಬೇಕಾ ಜಿಪಿಟಿ ಬೇಕಾ ಅಂತ ಕೇಳ್ತದೆ, ಎರಡೂ ಡಿಸ್ಕಿನ ಪಾಲುಗಳ ಲೆಕ್ಕ ಬರ್ದಿಡುವ ಕ್ರಮಗಳು. ಜಿಪಿಟಿ ಹೊಸತು, ಒಳ್ಳೆದು, ಆದ್ರೆ ಹಳೇ ಟಿವಿಗಳಲ್ಲಿ ಕೆಲವಕ್ಕೆ ಅದು ತಿಳಿಯೋದಿಲ್ಲ. ಎಂಬಿಆರ್‌ನ ಮಿತಿ 2.2 ಟಿಬಿ, ನಿಮ್ಮದು 2 ಟಿಬಿ, ಒಳಗೇ ಉಂಟು, ಟಿವಿ ಉದ್ದೇಶ ಇರುವುದರಿಂದ ಎಂಬಿಆರ್ ಆರಿಸಿ. 4 ಟಿಬಿ ಡಿಸ್ಕ್ ಆಗಿದ್ರೆ ಜಿಪಿಟಿಯೇ ಬೇಕು, ಇಲ್ಲದಿದ್ರೆ ಅರ್ಧ ಜಾಗ ಉಪಯೋಗಕ್ಕೇ ಸಿಗೋದಿಲ್ಲ. ಮತ್ತೆ ಖಾಲಿ ಜಾಗದ ಮೇಲೆ ರೈಟ್ ಕ್ಲಿಕ್, ನ್ಯೂ ಸಿಂಪಲ್ ವಾಲ್ಯೂಮ್, ಎನ್‌ಟಿಎಫ್‌ಎಸ್, ಅಲೊಕೇಷನ್ ಯೂನಿಟ್ ಡಿಫಾಲ್ಟ್, ಹೆಸರು ಕೊಡಿ. ಕ್ವಿಕ್ ಫಾರ್ಮ್ಯಾಟ್ ಟಿಕ್ ತೆಗೆಯುದಾ ಅಂತ ಕೇಳಿದ್ರೆ, ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಎಲ್ಲ ಚೆನ್ನಾಗಿ ಇದ್ರೆ ಟಿಕ್ ಹಾಗೇ ಇರ್ಲಿ. ಟಿಕ್ ತೆಗೆದ್ರೆ ಇಡೀ ಡಿಸ್ಕ್ ಪರೀಕ್ಷೆ ಆಗ್ತದೆ, ಯುಎಸ್‌ಬಿ 3ರಲ್ಲೂ ಐದಾರು ಗಂಟೆ, ಡಿಸ್ಕ್ ಹಳತಾದ್ರೆ ಒಂದ್ಸಲ ಹಾಗೆ ಮಾಡಿಬಿಡೋದು ನನಗೆ ಇಷ್ಟ.

ಆಮೇಲೆ ಡಿ ಡ್ರೈವಿಂದ ಪುನಃ ಕಾಪಿ ಮಾಡಿ, ಮೊದ್ಲಿನ ಹಾಗೆಯೇ ಸಂಖ್ಯೆ, ಗಾತ್ರ ಹೋಲಿಸಿ ನೋಡಿ, ಡಿ ಡ್ರೈವಿನದ್ದನ್ನ ಅಳಿಸ್ಬೇಡಿ, ಅದೇ ನಿಮ್ಮ ಎರಡನೇ ಕಾಪಿ, ಜಾಗ ಬೇಕು ಅಂತಾದ್ರೆ ಇನ್ನೊಂದು ಡಿಸ್ಕ್ ಬಂದ ಮೇಲೆ ನೋಡಿ. ತೆಗೆಯುವಾಗ ಯಾವಾಗಲೂ ಇಜೆಕ್ಟ್ ಒತ್ತಿ ತೆಗೀರಿ, ವಿಂಡೋಸ್‌ನಿಂದ ಹಾಗೇ ಎಳ್ಕೊಂಡು ಹೋದ್ರೆ ಶಾಲೆಯ ಉಬುಂಟು ಇದು ಸರಿಯಾಗಿ ಮುಚ್ಚಿಲ್ಲ ಅಂತ ತೆರೆಯದೆ ಇರ್ಬಹುದು, ಆಗ ಮನೆಗೆ ತಂದು ವಿಂಡೋಸ್‌ನಲ್ಲಿ ಡ್ರೈವ್ ಪ್ರಾಪರ್ಟೀಸ್‌ಗೆ ಹೋಗಿ ಟೂಲ್ಸ್‌ನಲ್ಲಿ ಚೆಕ್ ಕೊಟ್ರೆ ಸರಿಹೋಗ್ತದೆ.

ಇಷ್ಟಾದ್ರೂ ಟಿವಿಯಲ್ಲಿ ಕಾಣದಿದ್ರೆ ಫೈಲ್ ಸಿಸ್ಟಂನ ತಪ್ಪು ಅಂತಲೇ ತಿಳ್ಕೊಳ್ಬೇಡಿ. ಹಳೇ ಟಿವಿಯ ಯುಎಸ್‌ಬಿ ಪೋರ್ಟ್ 500 ಮಿಲಿಆಂಪ್ ಮಾತ್ರ ಕೊಡ್ತದೆ, ಯುಎಸ್‌ಬಿ 3 ಡಿಸ್ಕಿಗೆ 900ರ ತನಕ ಬೇಕಾಗ್ಬಹುದು, ಡಿಸ್ಕ್ ತಿರುಗ್ಲಿಕ್ಕೇ ಶುರು ಆಗೋದಿಲ್ಲ, ಕೈ ಇಟ್ಟು ನೋಡಿದ್ರೆ ಗೊತ್ತಾಗ್ತದೆ. ಬೇರೆ ಕರೆಂಟ್ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ನಡುವಲ್ಲಿ ಹಾಕಿದ್ರೆ ಓಡ್ತದೆ. ಇನ್ನೊಂದು, ಕೆಲವು ಟಿವಿಗಳಲ್ಲಿ ಪ್ರೋಗ್ರಾಂ ರೆಕಾರ್ಡ್ ಮಾಡುವ ಸೌಕರ್ಯ ಉಂಟು, ಹಾರ್ಡ್ ಡಿಸ್ಕ್ ಕಂಡ ಕೂಡ್ಲೇ ರೆಕಾರ್ಡಿಂಗಿಗೆ ಇದನ್ನ ಫಾರ್ಮ್ಯಾಟ್ ಮಾಡ್ಲಾ ಅಂತ ಅದೂ ಕೇಳ್ತದೆ, ರಿಮೋಟ್ ಯಾರ ಕೈಯಲ್ಲಿ ಇರ್ತದೋ ಅವರಿಗೆ ನೋ ಒತ್ತಲಿಕ್ಕೆ ಹೇಳಿ.